ಸಣ್ಣ ಟ್ರಾವೆಲ್ಸ್‌ನವರು ಪರಿಸರಕ್ಕೆ ನಿಜವಾಗಿ ಏನು ಮಾಡಬಹುದು? ಫಾರಂ ತುಂಬಬೇಕಾಗಿದೆ, ಸಲಹೆ ಕೊಡಿ

ಟಿಟಿ ಮಾಲೀಕ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಟ್ರಾವೆಲ್ಸ್. ಮೂರು ಟಿಟಿ (ಟೆಂಪೋ ಟ್ರಾವೆಲರ್), ಎರಡು ಬಸ್ಸು, ಒಂದು ಇನ್ನೋವಾ ಇವೆ. ಧರ್ಮಸ್ಥಳ, ತಿರುಪತಿ, ತಮಿಳುನಾಡಿನ ಮೇಲ್ಮರುವತ್ತೂರು, ಮದುವೆ ದಿಬ್ಬಣ, ಸ್ಕೂಲ್ ಟ್ರಿಪ್, ಇವುಗಳಿಂದಲೇ ಮನೆ ನಡೆಯುತ್ತದೆ.

ದೇವನಹಳ್ಳಿ ಕಡೆಯ ಒಂದು ಕಂಪನಿಯವರು ಸಿಬ್ಬಂದಿ ಪ್ರವಾಸದ ಕಾಂಟ್ರಾಕ್ಟ್ ಕೊಡುತ್ತೇವೆ ಅಂದಿದ್ದಾರೆ. ಅದಕ್ಕೆ ಮುಂಚೆ ನಾಲ್ಕು ಪುಟದ ಫಾರಂ ತುಂಬಬೇಕಂತೆ. ಪರಿಸರಕ್ಕೆ ಆಗುವ ಹಾನಿ ಕಡಿಮೆ ಮಾಡಲು ನಿಮ್ಮ ಸಂಸ್ಥೆ ಏನು ಮಾಡಿದೆ, ಮುಂದೆ ಏನು ಮಾಡುತ್ತದೆ ಅಂತ ಕೇಳಿದ್ದಾರೆ. ನನ್ನ ಹತ್ತಿರ ಎಮಿಷನ್ ಸರ್ಟಿಫಿಕೇಟ್ ಬಿಟ್ಟರೆ ತೋರಿಸಲು ಏನೂ ಇಲ್ಲ. "ಟ್ರಿಪ್ಪಿಗೊಂದು ಗಿಡ ನೆಡುತ್ತೇವೆ ಅಂತ ಬರೆದುಬಿಡು, ಯಾರು ಬಂದು ಎಣಿಸುತ್ತಾರೆ" ಅನ್ನುತ್ತಾನೆ ನನ್ನ ತಮ್ಮ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ನೆಟ್ಟ ಗಿಡಕ್ಕೆ ನಮ್ಮ ಕಡೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು?

ನನ್ನಂಥವನು ಕೈಯಿಂದ ಜಾಸ್ತಿ ದುಡ್ಡು ಹಾಕದೆ, ಸುಳ್ಳೂ ಬರೆಯದೆ ಏನು ಮಾಡಬಹುದು ಹೇಳಿ.

ವೀಕೆಂಡ್ ಬೆಂಗಳೂರು

ನೀರಿನ ಬಾಟಲಿ ಹಂಚೋದು ನಿಲ್ಲಿಸಿ ಅಣ್ಣ. ಮೊದಲು ಅದು. ಒಂದು ಟ್ರಿಪ್ ಮುಗಿದ ಮೇಲೆ ಟಿಟಿ ಸೀಟಿನ ಕೆಳಗೆ ನೋಡಿದರೆ ಸಾಕು, ಭಯ ಆಗುತ್ತದೆ.

ಲೆಕ್ಕಾಚಾರಿ

ಬಾಟಲಿ ನಿಲ್ಲಿಸಬೇಕು, ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಂತರೆ ದೊಡ್ಡ ವಿಷಯ ಕೈತಪ್ಪುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ.

ಚಿಂತಾಮಣಿಯಿಂದ ಧರ್ಮಸ್ಥಳಕ್ಕೆ ಹೋಗಿ ಬರಲು ಅಂದಾಜು 700 ಕಿಮೀ ಇಟ್ಟುಕೊಳ್ಳಿ. ಬಸ್ಸು ಲೀಟರಿಗೆ ನಾಲ್ಕೂವರೆ ಕಿಮೀ ಕೊಟ್ಟರೆ 155 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ 415 ಕೆಜಿ ಆಸುಪಾಸು. ಬಸ್ಸಲ್ಲಿ 50 ಜನ ಇದ್ದರೆ ತಲೆಗೆ 8 ಕೆಜಿ ಚಿಲ್ಲರೆ. 30 ಜನ ಇದ್ದರೆ 14 ಕೆಜಿ. ಅದೇ ನಾಲ್ಕು ಜನ ಪೆಟ್ರೋಲ್ ಕಾರಲ್ಲಿ ಹೋದರೆ ತಲೆಗೆ 27 ಕೆಜಿ ಹತ್ತಿರ.

ಈಗ ಬಾಟಲಿ ನೋಡಿ. 50 ಜನರಿಗೆ ತಲೆಗೆ ಆರರಂತೆ 300 ಬಾಟಲಿ. ಒಂದು ಲೀಟರ್ ಬಾಟಲಿ ಖಾಲಿ ಇದ್ದಾಗ 20-25 ಗ್ರಾಂ ತೂಗುತ್ತದೆ. ಒಟ್ಟು ಆರೇಳು ಕೆಜಿ ಪ್ಲಾಸ್ಟಿಕ್ ಆಯಿತು. ಅದು ಕಸ, ದನದ ಹೊಟ್ಟೆಗೆ ಹೋಗುತ್ತದೆ, ಅದು ಬೇರೆ ಸಮಸ್ಯೆ. ಹೊಗೆಯ ಮಾತು ಬಂದರೆ ಇರೋದೆಲ್ಲ ಡೀಸೆಲ್ ಟ್ಯಾಂಕಿನಲ್ಲಿ. ಹಾಗಾಗಿ ಫಾರಂನಲ್ಲಿ ಮೊದಲ ಸಾಲು ಡೀಸೆಲ್ ಬಗ್ಗೆ ಇರಲಿ.

ಮೆಮು ಪಾಸ್

ಒಂದು ಅನುಮಾನ. ಲೀಟರ್ ಡೀಸೆಲ್ ಒಂದು ಕೆಜಿಯೂ ತೂಗಲ್ಲ. ಅದರಿಂದ 2.7 ಕೆಜಿ ಹೊಗೆ ಎಲ್ಲಿಂದ ಬಂತು ಗುರು?

ಲೆಕ್ಕಾಚಾರಿ

ಉರಿಯುವಾಗ ಡೀಸೆಲ್‌ನ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ. ಹೆಚ್ಚಿನ ತೂಕ ಬರೋದು ಗಾಳಿಯಿಂದ.

ಲೈನ್ ಡ್ರೈವರ್

ಹದಿನೈದು ವರ್ಷಕ್ಕೂ ಜಾಸ್ತಿ ಸ್ಟೇರಿಂಗ್ ಹಿಡಿದಿದ್ದೇನೆ. ನನ್ನದೂ ಒಂದು ಮಾತು. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಾಲೀಕರು ಮೈಲೇಜು ಕೇಳುತ್ತಾರೆ. ಗಾಡಿ ನಿಂತಲ್ಲೇ ಎಷ್ಟು ಕುಡಿಯುತ್ತದೆ ಅಂತ ಯಾರೂ ಕೇಳಲ್ಲ. ಎಸಿ ಹಾಕಿ ಇಂಜಿನ್ ಆನ್ ಇಟ್ಟರೆ ಟಿಟಿ ಗಂಟೆಗೆ ಹೆಚ್ಚುಕಮ್ಮಿ ಒಂದು ಲೀಟರ್ ಕುಡಿಯುತ್ತದೆ. ದೊಡ್ಡ ಬಸ್ಸಾದರೆ ಎರಡು ಲೀಟರ್ ಅಂತ ಇಟ್ಟುಕೊಳ್ಳಿ. ಜನ ದೇವಸ್ಥಾನದ ಕ್ಯೂನಲ್ಲಿ ಇರುತ್ತಾರೆ. ಒಬ್ಬರೋ ಇಬ್ಬರೋ ವಯಸ್ಸಾದವರು ಗಾಡಿಯಲ್ಲೇ ಕೂತಿರುತ್ತಾರೆ. "ಎಸಿ ಹಾಕಪ್ಪ" ಅನ್ನುತ್ತಾರೆ. ಹಾಕಬೇಕಾಗುತ್ತದೆ. ಇದು ಹಗಲಿನ ಕಥೆ.

ರಾತ್ರಿಯದು ಇನ್ನೂ ದೊಡ್ಡದು. ಪ್ಯಾಸೆಂಜರಿಗೆ ರೂಮು ಇರುತ್ತದೆ. ಡ್ರೈವರಿಗೆ ರೂಮು ಎಲ್ಲಿ? ಎಷ್ಟೋ ಲಾಡ್ಜು, ರೆಸಾರ್ಟ್‌ಗಳಲ್ಲಿ ನಮ್ಮನ್ನು ಗೇಟಿನ ಹೊರಗಿನ ಪಾರ್ಕಿಂಗ್‌ಗೆ ಕಳಿಸುತ್ತಾರೆ. ಸ್ನಾನಕ್ಕೆ ಒಂದು ನಲ್ಲಿಯೂ ಇರಲ್ಲ. ನಾವು ಗಾಡಿಯಲ್ಲೇ ಮಲಗುತ್ತೇವೆ. ಸುಬ್ರಹ್ಮಣ್ಯದ ಕಡೆ ಸೆಕೆ, ಸೊಳ್ಳೆ ಎರಡೂ ಜಾಸ್ತಿ. ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಬೆವರು. ಮಾರನೇ ದಿನ ಘಾಟಿ ಹತ್ತಿಸಬೇಕು, ನಿದ್ದೆ ಬೇಕೇ ಬೇಕು. ಆಗ ಯಾರೇ ಆದರೂ ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕುತ್ತಾರೆ. ಆರು ಗಂಟೆ ಮಲಗಿದರೆ ಟಿಟಿಯಲ್ಲಿ ಆರು ಲೀಟರ್ ಹೋಯಿತು. ಈಗಿನ ರೇಟಿಗೆ ಐನೂರು ರೂಪಾಯಿ ದಾಟುತ್ತದೆ. ಡಾರ್ಮಿಟರಿಯಲ್ಲಿ ಒಂದು ಹಾಸಿಗೆ ಅದಕ್ಕಿಂತ ಕಡಿಮೆಗೆ ಸಿಗುತ್ತದೆ ಸ್ವಾಮಿ.

ಬಾಟಾ (ದಿನದ ಭತ್ಯೆ) ಕೊಡುತ್ತೇವಲ್ಲ, ಅದರಲ್ಲೇ ರೂಮು ಮಾಡಿಕೋ ಅನ್ನಬೇಡಿ. ಬಾಟಾ ಮನೆಗೆ ಹೋಗುವ ದುಡ್ಡು. ಅದನ್ನು ಯಾವ ಡ್ರೈವರ್ರೂ ಹಾಸಿಗೆಗೆ ಕೊಡಲ್ಲ. ಮಾಲೀಕರೇ ಬುಕ್ ಮಾಡಿ ರಸೀದಿ ಕಳಿಸಬೇಕು.

ಇನ್ನೊಂದು ವಿಷಯ. ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಬಸ್ಸುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡಲು ಯೂರಿಯಾ ನೀರು ಹಾಕಬೇಕಲ್ಲ, ಆಡ್‌ಬ್ಲೂ. ಅದರ ಖರ್ಚು ಉಳಿಸಲು ಸೆನ್ಸಾರ್‌ಗೆ ಮೋಸ ಮಾಡುವ ಡಬ್ಬಿ ಕೂರಿಸುವವರಿದ್ದಾರೆ. ಮೀಟರಿನಲ್ಲಿ ಎಲ್ಲ ಸರಿ ತೋರಿಸುತ್ತದೆ, ಹೊಗೆ ಕೊಳವೆಯಲ್ಲಿ ಮಾತ್ರ ಹಳೇ ಗಾಡಿಯ ವಿಷವೇ ಬರುತ್ತದೆ. ಅದನ್ನು ಮಾಡಿಸಿಕೊಂಡು ಗಾಡಿ ಮೇಲೆ ಹಸಿರು ಎಲೆ ಸ್ಟಿಕ್ಕರ್ ಅಂಟಿಸಿದರೆ ಏನು ಹೇಳೋಣ?

ಟಿಟಿ ಮಾಲೀಕ, ಚಿಂತಾಮಣಿ

ಅಣ್ಣ, ಡ್ರೈವರ್ ಹಾಸಿಗೆಯ ಮಾತು ಸರಿಯಾಗಿ ನಾಟಿತು. ಪರಿಸರದ ಫಾರಂನಲ್ಲಿ ಇದನ್ನು ಬರೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನಮ್ಮ ಗಾಡಿಗಳಲ್ಲಿ ಆ ಡಬ್ಬಿ ಇಲ್ಲ. ಶೋರೂಮ್ ಸರ್ವಿಸ್ ಮಾತ್ರ.

ವಯಸ್ಸಾದವರು ಗಾಡಿಯಲ್ಲಿ ಕೂರುವುದಕ್ಕೆ ಏನು ಮಾಡೋದು?

ಲೈನ್ ಡ್ರೈವರ್

ನೆರಳು ಹುಡುಕಿ ನಿಲ್ಲಿಸೋದು, ಕಿಟಕಿಗೆ ಪರದೆ, ಸಣ್ಣ ಬ್ಯಾಟರಿ ಫ್ಯಾನು. ಮೊದಲೇ ಹೇಳಿಬಿಡಿ, ಗಾಡಿ ನಿಂತ ಐದು ನಿಮಿಷಕ್ಕೆ ಎಸಿ ಆಫ್ ಅಂತ. ಬುಕಿಂಗ್ ಚೀಟಿಯಲ್ಲಿ ಇದ್ದರೆ ಜನ ಜಗಳ ಆಡಲ್ಲ. ದಾರಿಯಲ್ಲಿ ಹೇಳಿದರೆ ಆಡುತ್ತಾರೆ.

ನಂದಿ ತಪ್ಪಲು

ಇಲ್ಲಿವರೆಗೆ ಹೋಗುವವರ ಮಾತಾಯಿತು. ಬಂದವರು ಇಳಿಯುವ ಊರಿನಲ್ಲಿ ಇರೋರ ಮಾತೂ ಕೇಳಿ.

ನಮ್ಮ ಮನೆ ನಂದಿ ಬೆಟ್ಟದ ಬುಡದಲ್ಲಿದೆ. ಶನಿವಾರ ರಾತ್ರಿ ನಮಗೆ ನಿದ್ದೆ ಇಲ್ಲ. ಸೂರ್ಯೋದಯ ನೋಡಲು ಬೆಂಗಳೂರಿನಿಂದ ನಡುರಾತ್ರಿಯೇ ಹೊರಟುಬಿಡುತ್ತಾರೆ. ಗೇಟು ತೆಗೆಯೋವರೆಗೆ ಕಾರು, ಬೈಕು, ಟಿಟಿ ಸಾಲಾಗಿ ನಿಂತಿರುತ್ತವೆ. ಅರ್ಧಕ್ಕೆ ಅರ್ಧ ಇಂಜಿನ್ ಆನ್. ಒಳಗೆ ಹಾಡು. ನಂದಿ 1,478 ಮೀಟರ್ ಎತ್ತರದ ಬೆಟ್ಟ, ಮೇಲಿನ ಜಾಗ ಇಷ್ಟೇ ಇಷ್ಟು. ಅಲ್ಲಿ ನೀಲಗಿರಿ ಕಾಡು ಪಾರಿವಾಳ ಇದೆ, ಹಳದಿ ಕತ್ತಿನ ಪಿಕಳಾರ ಇದೆ. ಅವುಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಸ್ಪೀಕರ್ ಹಿಡಿದುಕೊಂಡು ಬಂದವರಿಗೆ ಮಂಜು ಬಿಟ್ಟರೆ ಬೇರೇನೂ ಕಾಣಲ್ಲ.

ಕಸ ಅಂತೂ ಕಣ್ಣಿಗೆ ಕಾಣುತ್ತದೆ, ಅದನ್ನು ಬೈಯುತ್ತೇವೆ. ಕಾಣದೇ ಇರೋದು ನೀರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಅರ್ಕಾವತಿ, ಪಾಲಾರ್, ಎರಡು ಪಿನಾಕಿನಿಗಳು ಈ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ. ಮಳೆ ಬಂದಾಗ ಮಾತ್ರ ನೋಡಿದ್ದೇವೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಹೋಗಿವೆ. ಬರುವ ನೀರಲ್ಲಿ ಫ್ಲೋರೈಡ್. ಅಂತರ್ಜಲ ಅತಿಯಾಗಿ ಬಳಸಿದ ಪ್ರದೇಶ ಅಂತ ಸರಕಾರವೇ ಪಟ್ಟಿಯಲ್ಲಿ ಹಾಕಿದೆ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಾರೆ. ದಿನಕ್ಕೆ 21 ಕೋಟಿ ಲೀಟರಿನ ಯೋಜನೆ ಅದು. ಬೆಂಗಳೂರಿನವರು ಬಳಸಿ ಬಿಟ್ಟ ನೀರು ನಮ್ಮ ಕೆರೆಗೆ, ನಮ್ಮ ಬೋರಿನ ನೀರು ಬೆಂಗಳೂರಿನವರ ವಾರಾಂತ್ಯದ ಈಜುಕೊಳಕ್ಕೆ. ಹೇಗಿದೆ?

ಟ್ರಾವೆಲ್ಸ್‌ನವರು ಕೇಳಬೇಕಾದ್ದು ಇದು. ರೆಸಾರ್ಟ್ ಬುಕ್ ಮಾಡುವಾಗ ನಿಮ್ಮ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಈ ಎರಡೇ ಪ್ರಶ್ನೆ. ಉತ್ತರ ಕೊಡದವರ ಹೆಸರಿನಲ್ಲಿ 'ಇಕೋ' ಅಂತ ಇದ್ದರೂ ಬಿಟ್ಟುಬಿಡಿ.

ವೀಕೆಂಡ್ ಬೆಂಗಳೂರು

ಅಕ್ಕ, ನಮ್ಮನ್ನು ಹೀಗೆ ಒಟ್ಟಿಗೆ ಬೈಯಬೇಡಿ. ನಾವೂ ಟಿಕೆಟ್ ದುಡ್ಡು ಕೊಟ್ಟೇ ಬರೋದು. ನಮ್ಮಿಂದಲೇ ನಿಮ್ಮ ಊರಿನ ಹೋಟೆಲ್, ಜೋಳ ಸುಡುವವರು, ದ್ರಾಕ್ಷಿ ಮಾರುವವರು ಬದುಕೋದು ಅಲ್ವಾ?

ನಂದಿ ತಪ್ಪಲು

ಜೋಳ ಸುಡುವವರಿಗೆ ನಿಮ್ಮಿಂದ ಬರುವ ಕಾಸು ಬೇಕು, ಇಲ್ಲ ಅನ್ನಲ್ಲ. ನಮ್ಮ ಚಿಕ್ಕಮ್ಮನೇ ಜೋಳ ಮಾರುತ್ತಾರೆ. ಆದರೆ ಪ್ಯಾಕೇಜಲ್ಲಿ ಬಂದವರು ರೆಸಾರ್ಟ್ ಒಳಗೆ ಹೋಗಿ, ಅಲ್ಲೇ ತಿಂದು, ಅಲ್ಲೇ ಕುಡಿದು ವಾಪಸ್ ಹೋಗುತ್ತಾರೆ. ನಮಗೆ ಉಳಿಯೋದು ಗಾಜಿನ ಚೂರು ಮಾತ್ರ. ಮಧ್ಯಾಹ್ನದ ಊಟ ಊರಿನ ಮೆಸ್‌ನಲ್ಲಿ ಅಂತ ರೂಟ್ ಚಾರ್ಟ್‌ನಲ್ಲಿ ಬರೆಯಲಿ ನೋಡೋಣ.

ಲೆಕ್ಕಾಚಾರಿ

ಈಜುಕೊಳದ ಲೆಕ್ಕ: 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ ಅಂದರೆ 1,17,000 ಲೀಟರ್. ಒಮ್ಮೆ ತುಂಬಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 450 ಲೀಟರ್ ಹೋಗುತ್ತದೆ. ಫಿಲ್ಟರ್ ತೊಳೆಯೋದು ಬೇರೆ.

ಅನಾಮಿಕ, ತುಮಕೂರು

ಇದೆಲ್ಲ ಫಾರಿನ್ ಶೋಕಿ. ಅಮೆರಿಕದವರು ಜೆಟ್‌ನಲ್ಲಿ ಓಡಾಡಲಿ, ನಾವು ಧರ್ಮಸ್ಥಳಕ್ಕೆ ಹೋಗುವಾಗ ಎಸಿ ಆಫ್ ಮಾಡಬೇಕಾ?

ಲೆಕ್ಕಾಚಾರಿ

ಅರ್ಧ ನಿಜ. ಪ್ರಪಂಚದ ಹಸಿರುಮನೆ ಅನಿಲದಲ್ಲಿ ಸುಮಾರು ಶೇ. 8ರಷ್ಟು ಪ್ರವಾಸೋದ್ಯಮದ್ದು ಅಂತ 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತ್ತು. ಅದರಲ್ಲಿ ದೊಡ್ಡ ಪಾಲು ಶ್ರೀಮಂತ ದೇಶಗಳ ಜನರದ್ದು. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ಪ್ರವಾಸೋದ್ಯಮದ ಘೋಷಣೆಯೊಂದು ಬಂತು. 2030ರ ಒಳಗೆ ಅರ್ಧಕ್ಕೆ ಇಳಿಸುತ್ತೇವೆ, 2050ರ ಒಳಗೆ ನಿವ್ವಳ ಸೊನ್ನೆಗೆ (ಬಿಟ್ಟಷ್ಟನ್ನೂ ವಾಪಸ್ ಹೀರಿಸುವ ಮಟ್ಟಕ್ಕೆ) ತರುತ್ತೇವೆ ಅಂತ. ಇವರಿಗೆ ಬಂದ ಫಾರಂ ಎಲ್ಲೋ ಆ ಕಡೆಯಿಂದಲೇ ಇಳಿದು ಬಂದಿರಬೇಕು.

ಆದರೆ ಫಾರಿನ್‌ಗೆ ನಮ್ಮವರೂ ಹೋಗುತ್ತಿದ್ದಾರೆ ಸರ್. ಚಿಂತಾಮಣಿಯಲ್ಲೇ ಬ್ಯಾಂಕಾಕ್ ಪ್ಯಾಕೇಜಿನ ಬೋರ್ಡು ನೋಡಿದ್ದೇನೆ. ವಿಮಾನದಲ್ಲಿ ಬ್ಯಾಂಕಾಕ್‌ಗೆ ಹೋಗಿ ಬಂದರೆ ತಲೆಗೆ ಮುನ್ನೂರು ನಾನೂರು ಕೆಜಿ ಆಗುತ್ತದೆ. ತುಂಬಿದ ಬಸ್ಸಲ್ಲಿ ಧರ್ಮಸ್ಥಳಕ್ಕೆ 8 ಕೆಜಿ. ನಾಲ್ಕು ದಿನದ ಫಾರಿನ್ ಟೂರ್ ಮಾರಿ ಕಮಿಷನ್ ತಗೊಳ್ಳುವ ಟ್ರಾವೆಲ್ಸ್‌ನವರು ಬಿದಿರಿನ ಬ್ರಷ್ ಹಂಚಿದರೆ ನಗು ಬರುತ್ತದೆ.

ಟಿಟಿ ಮಾಲೀಕ, ಚಿಂತಾಮಣಿ

ಆ ಬೋರ್ಡು ನಮ್ಮದಲ್ಲ. ನಮ್ಮದರ ಪಕ್ಕದ್ದು :)

ಮೆಮು ಪಾಸ್

ನಂದಿಗೆ ಟ್ರಾಫಿಕ್ ಜಾಸ್ತಿ ಅಂತೀರಿ, ರೈಲು ಇದೆ ಅಂತ ಒಬ್ಬರೂ ಹೇಳಲಿಲ್ಲ. ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ ಲೈನಿಗೆ ಕರೆಂಟ್ ಬಂದಿದೆ. ನಂದಿ ಹಾಲ್ಟ್ ನೂರು ವರ್ಷ ದಾಟಿದ ಕಲ್ಲಿನ ಸ್ಟೇಷನ್. ಅದನ್ನು ಚೆನ್ನಾಗಿ ದುರಸ್ತಿ ಕೂಡ ಮಾಡಿದ್ದಾರೆ. ತೊಂದರೆ ಒಂದೇ. ಇಳಿದ ಮೇಲೆ ಬೆಟ್ಟದ ತುದಿಗೆ ಹೋಗೋದು ಹೇಗೆ? ಗಟ್ಟಿ ಕಾಲಿನವರು ಸುಲ್ತಾನಪೇಟೆ ಮೆಟ್ಟಿಲು ಹತ್ತುತ್ತಾರೆ. ಉಳಿದವರು?

ಟ್ರಾವೆಲ್ಸ್‌ನವರು ಇಲ್ಲಿ ಯಾಕೆ ಕೈ ಹಾಕಬಾರದು? ಬೆಂಗಳೂರಿನಿಂದ ಟಿಟಿ ಓಡಿಸುವ ಬದಲು ನಂದಿ ಹಾಲ್ಟ್‌ನಿಂದ ಓಡಿಸಿ. ಭೋಗನಂದೀಶ್ವರ, ಬೆಟ್ಟ, ಮುದ್ದೇನಹಳ್ಳಿ ವಿಶ್ವೇಶ್ವರಯ್ಯ ಮನೆ, ವಾಪಸ್ ಸ್ಟೇಷನ್. ಕಿಲೋಮೀಟರ್ ಎಷ್ಟು ಉಳಿಯುತ್ತದೆ ನೋಡಿ.

ಟಿಟಿ ಮಾಲೀಕ, ಚಿಂತಾಮಣಿ

ಕೇಳಲು ಚೆನ್ನಾಗಿದೆ. ಪರ್ಮಿಟ್ ಅಡ್ಡ ಬರುತ್ತದೆ. ನಮ್ಮದು ಕಾಂಟ್ರಾಕ್ಟ್ ಕ್ಯಾರೇಜ್. ಇಡೀ ಗಾಡಿಯನ್ನು ಒಂದು ಗುಂಪಿಗೆ ಬಾಡಿಗೆಗೆ ಕೊಡಬಹುದು ಅಷ್ಟೇ. ಸ್ಟೇಷನ್ ಮುಂದೆ ನಿಂತು "ಬನ್ನಿ ಬನ್ನಿ" ಅಂತ ಒಬ್ಬೊಬ್ಬರಿಗೆ ಟಿಕೆಟ್ ಹರಿದರೆ ಆರ್‌ಟಿಒ ಹಿಡಿಯುತ್ತಾರೆ. ಅದಕ್ಕೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ ಬೇಕು.

ಆದರೆ ಕಂಪನಿಯವರು ಅಂದರೆ ಒಂದೇ ಗುಂಪು. ಅವರು ಒಟ್ಟಿಗೆ ರೈಲಲ್ಲಿ ಬಂದರೆ ಅಲ್ಲಿಂದ ಇಡೀ ಗಾಡಿ ಬಾಡಿಗೆ ಹಿಡಿದ ಹಾಗೆ ಆಗುತ್ತದೆ. ಕಾನೂನಿಗೂ ಸರಿ. ಬಾಡಿಗೆ ಕಡಿಮೆ ಆಗುತ್ತದೆ, ಅದನ್ನು ಹೇಗೆ ಸರಿದೂಗಿಸೋದು ಅಂತ ಯೋಚಿಸಬೇಕು.

ಲೈನ್ ಡ್ರೈವರ್

ಕಿಮೀ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬನ್ನಿ. ಕಿಮೀಗೆ ಇಷ್ಟು ಅಂತ ರೇಟು ಹೇಳಿದರೆ ಗಾಡಿ ಓಡಿದಷ್ಟೂ ನಿಮಗೆ ಲಾಭ. ಹಾಗಿದ್ದ ಮೇಲೆ ದಾರಿ ಕಮ್ಮಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಲೆಕ್ಕಾಚಾರಿ

ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ ಸಾಲು ಇದು. ದಿನಕ್ಕೆ ಇಷ್ಟು ಅಂತ ಬಾಡಿಗೆ, ಡೀಸೆಲ್ ಮಾತ್ರ ಬಿಲ್ಲಿನ ಪ್ರಕಾರ ಗಿರಾಕಿಯದು ಅಂದರೆ ಇಬ್ಬರೂ ದಾರಿ ಉಳಿಸಲು ನೋಡುತ್ತಾರೆ.

ಗೌರಿಬಿದನೂರು ಮೇಷ್ಟ್ರು

ದಾರಿ ಉಳಿಸುವ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಡಿಸೆಂಬರ್ ಬಂದರೆ ಶಾಲೆಗಳಿಗೆ ಟ್ರಿಪ್ ಹುಚ್ಚು. ಟ್ರಾವೆಲ್ಸ್‌ನವರು ತರುವ ಚಾರ್ಟ್ ನೋಡಿದ್ದೀರಾ? ಮೂರು ದಿನದಲ್ಲಿ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಉಡುಪಿ, ಮುರುಡೇಶ್ವರ. ಮಕ್ಕಳು ನೋಡೋದು ಬಸ್ಸಿನ ಸೀಟಿನ ಹಿಂಭಾಗ. ಅರ್ಧ ಮಕ್ಕಳು ಘಾಟಿಯಲ್ಲಿ ವಾಂತಿ. ಇಳಿ, ಕೈ ಮುಗಿ, ಫೋಟೋ ತೆಗೆಸಿಕೋ, ಹತ್ತು.

ಮುರುಡೇಶ್ವರ ಒಂದನ್ನು ಬಿಟ್ಟರೆ ಉಡುಪಿಯಿಂದ ಹೋಗಿ ಬರುವ 200 ಕಿಮೀ ಉಳಿಯುತ್ತದೆ. ಲೆಕ್ಕಾಚಾರಿಯವರ ಸೂತ್ರದಲ್ಲೇ ಹಾಕಿದರೆ 44 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಅಂದರೂ ನಾಲ್ಕು ಸಾವಿರ ಹತ್ತಿರ. ಆ ದುಡ್ಡಲ್ಲಿ ಮಕ್ಕಳಿಗೆ ಒಂದು ಹೊತ್ತು ಒಳ್ಳೇ ಊಟ ಆಗುತ್ತದೆ. ಆದರೆ ಪೋಷಕರು ಒಪ್ಪಬೇಕಲ್ಲ! ಪಕ್ಕದ ಶಾಲೆಯವರು ಎಂಟು ಊರು ತೋರಿಸಿದರು, ನೀವು ಐದೇನಾ ಅಂತ ಕೇಳುತ್ತಾರೆ.

ಹತ್ತಿರದ್ದನ್ನು ಕೇಳುವವರೇ ಇಲ್ಲ. ನಮ್ಮ ತಾಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೆಯುವ ಜಾಗ ಅದು. ಅಲ್ಲಿ ಸ್ಮಾರಕ ಇದೆ. ಚಿಂತಾಮಣಿ, ಶಿಡ್ಲಘಟ್ಟದ ಎಷ್ಟು ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಬಂದಿವೆ? ಗುಡಿಬಂಡೆ ಕೋಟೆ, ಕೈವಾರ, ರಂಗಸ್ಥಳ ಎಲ್ಲ ಸೇರಿಸಿದರೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ರಾತ್ರಿ ಲಾಡ್ಜ್ ಬೇಡ, ಹೆಣ್ಣುಮಕ್ಕಳ ಪೋಷಕರಿಗೂ ಸಮಾಧಾನ. ಟ್ರಾವೆಲ್ಸ್‌ನವರು ಇಂಥ ಚಾರ್ಟ್ ಒಂದನ್ನಾದರೂ ಅಚ್ಚು ಹಾಕಿಸಿ ಶಾಲೆಗೆ ತಂದುಕೊಟ್ಟರೆ ನಾವು ಪೋಷಕರ ಸಭೆಯಲ್ಲಿ ಮಾತಾಡಬಹುದು. ಈಗ ನಮ್ಮ ಕೈಯಲ್ಲಿ ಇರೋದು ಆರು ಊರಿನ ಚಾರ್ಟ್ ಒಂದೇ.

ಟೂರ್ ಅಡುಗೆ, ಮಾಲೂರು

ಊಟ ಅಂದಿರಿ, ಬಂದೆ. ಯಾತ್ರೆ ಬಸ್ಸಿನ ಜೊತೆ ಅಡುಗೆಗೆ ಹೋಗುವವನು ನಾನು. ಗ್ಯಾಸು, ಪಾತ್ರೆ, ದಿನಸಿ ಎಲ್ಲ ಬಸ್ಸಿನ ಡಿಕ್ಕಿಯಲ್ಲಿ.

ತಟ್ಟೆ ವಿಷಯ ಹೇಳುತ್ತೇನೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಕುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮಾಕೋಲ್ ಎಲ್ಲ ದೇಶಾದ್ಯಂತ ಬ್ಯಾನ್. ಜನ ಪೇಪರ್ ತಟ್ಟೆ, ಪೇಪರ್ ಲೋಟಕ್ಕೆ ಹೋದರು. ಪೇಪರ್ ಲೋಟದ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಇಲ್ಲದಿದ್ದರೆ ಬಿಸಿ ಕಾಫಿ ಹೇಗೆ ನಿಲ್ಲುತ್ತದೆ? ನಮ್ಮ ಕಡೆ ಮುತ್ತುಗದ ಎಲೆ ಇತ್ತು, ಕಡ್ಡಿ ಚುಚ್ಚಿ ಹೊಲಿದದ್ದು. ಈಗಲೂ ಸಿಗುತ್ತದೆ. ಅಡಿಕೆ ಹಾಳೆ ತಟ್ಟೆಯೂ ಆಗುತ್ತದೆ. ಸ್ವಲ್ಪ ರೇಟು ಜಾಸ್ತಿ. ಎಲ್ಲಕ್ಕಿಂತ ಒಳ್ಳೇದು ಸ್ಟೀಲ್ ತಟ್ಟೆ. ಆದರೆ ತೊಳೆಯಲು ನೀರು ಬೇಕು, ಒಬ್ಬ ಆಳು ಬೇಕು. ನೀರು ಇರುವ ಛತ್ರದಲ್ಲಿ ಸ್ಟೀಲ್, ರಸ್ತೆ ಬದಿ ಆದರೆ ಎಲೆ. ನಾನು ಹೀಗೇ ಮಾಡೋದು.

ಅನ್ನ ಉಳಿಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾಲೀಕರು 50 ಜನಕ್ಕೆ ಅಂತಾರೆ, ಅದರಲ್ಲಿ ಹದಿನೈದು ಜನ ದೇವಸ್ಥಾನದಲ್ಲೇ ಪ್ರಸಾದದ ಊಟ ಮಾಡಿ ಬರುತ್ತಾರೆ. ಧರ್ಮಸ್ಥಳದಲ್ಲಿ, ಹೊರನಾಡಿನಲ್ಲಿ ಅನ್ನದಾನ ಇರುವಾಗ ನಾವು ಯಾಕೆ ಒಲೆ ಹಚ್ಚಬೇಕು? ಚಾರ್ಟ್‌ನಲ್ಲಿ ಆ ಹೊತ್ತಿನ ಊಟ ಅಲ್ಲಿಯೇ ಅಂತ ಬರೆದರೆ ಗ್ಯಾಸೂ ಉಳಿಯಿತು, ದಿನಸಿಯೂ ಉಳಿಯಿತು, ನನಗೂ ಒಂದು ಹೊತ್ತು ರಜೆ.

ಕೆಂಪು ಸೀರೆ, ಶ್ರೀನಿವಾಸಪುರ

ಅಡುಗೆ ಭಟ್ಟರ ಮಾತಿಗೆ ನನ್ನದೊಂದು. ನಾವು ಓಂ ಶಕ್ತಿ ಮಾಲೆ ಹಾಕಿ ಮೇಲ್ಮರುವತ್ತೂರಿಗೆ ಹೋಗುವವರು. ಡಿಸೆಂಬರ್, ಜನವರಿಯಲ್ಲಿ ನಮ್ಮ ಜಿಲ್ಲೆಯಿಂದ ಎಷ್ಟು ಬಸ್ಸು ಹೋಗುತ್ತವೆ ಅಂತ ನಿಮಗೆಲ್ಲ ಗೊತ್ತು. ಬಸ್ಸು ಕೊಡಿಸುವವರು ಲೀಡರ್‌ಗಳು. ಬಸ್ಸಿಗೆ ಅವರ ಫೋಟೋ ಇರುವ ಬ್ಯಾನರ್ ಕಟ್ಟುತ್ತಾರೆ. ವಾಪಸ್ ಬರುವ ಹೊತ್ತಿಗೆ ಅದು ಎಲ್ಲೋ ಹಾರಿಹೋಗಿರುತ್ತದೆ. ನೀರಿನ ಬಾಟಲಿ ಬಾಕ್ಸ್ ಬಾಕ್ಸ್ ತುಂಬುತ್ತಾರೆ. ಪುಕ್ಕಟೆ ಅಲ್ವಾ, ಅರ್ಧ ಕುಡಿದು ಬಿಸಾಕುತ್ತಾರೆ.

ನಮ್ಮ ಗುಂಪಿನ ಹೆಂಗಸರು ಈಗ ಮನೆಯಿಂದ ಸ್ಟೀಲ್ ತಟ್ಟೆ, ಲೋಟ ತರುತ್ತೇವೆ. ಹೊರಡುವ ಮುಂಚೆ ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನ್ ತುಂಬಿಸುತ್ತೇವೆ. 20 ಲೀಟರಿಗೆ ಐದು ರೂಪಾಯಿ ಕಾಯಿನ್. ಬಸ್ಸಿನಲ್ಲಿ ಕ್ಯಾನ್ ಅಲ್ಲಾಡದ ಹಾಗೆ ಇಡಲು ಜಾಗ ಇರಲ್ಲ. ಟ್ರಾವೆಲ್ಸ್ ಅಣ್ಣ ಇದೊಂದು ಮಾಡಿಸಲಿ. ಬಾಗಿಲ ಹತ್ತಿರ ಎರಡು ಕ್ಯಾನ್ ಕೂರುವ ಕಬ್ಬಿಣದ ಸ್ಟ್ಯಾಂಡ್, ಒಂದು ನಲ್ಲಿ. ವೆಲ್ಡಿಂಗ್ ಶಾಪಲ್ಲಿ ಅರ್ಧ ದಿನದ ಕೆಲಸ.

ತಿರುಮಲ ನೋಡಿ. ಬೆಟ್ಟದ ಮೇಲೆ ಪ್ಲಾಸ್ಟಿಕ್ ಬಾಟಲಿ ಬಿಡಲ್ಲ. ಗಾಜಿನ ಬಾಟಲಿಯಲ್ಲಿ ನೀರು ಮಾರುತ್ತಾರೆ, ಖಾಲಿ ಬಾಟಲಿ ಕೊಟ್ಟರೆ ಡಿಪಾಸಿಟ್ ವಾಪಸ್. ಅಲ್ಲಿ ನಮ್ಮ ಜನವೇ ಬಾಯಿ ಮುಚ್ಚಿಕೊಂಡು ಪಾಲಿಸುತ್ತಾರೆ.

ಗೌರಿಬಿದನೂರು ಮೇಷ್ಟ್ರು

ತಾಯಿ, ಚೆನ್ನಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ನೇತ್ರಾವತಿ, ಕುಮಾರಧಾರಾ ಸ್ನಾನಘಟ್ಟಗಳಲ್ಲಿ ಹಾಕಿಕೊಂಡ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುವ ಚಾಳಿ. 2025ರ ಮಾರ್ಚ್‌ನಲ್ಲಿ ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆ ಅದನ್ನು ತಡೆಯಲು ಹೇಳಿದರು. ಯಾತ್ರಾ ಸ್ಥಳಗಳಲ್ಲಿ ನದಿಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರುವಂತಿಲ್ಲ ಅಂತಲೂ ಸೂಚಿಸಿದರು. ಬಸ್ಸು ಘಟ್ಟ ಮುಟ್ಟುವ ಮುಂಚೆ ಕ್ಲೀನರ್ ಎದ್ದು ನಿಂತು ಒಂದು ಮಾತು ಹೇಳಿದರೂ ಆಗುತ್ತದೆ.

ವೀಕೆಂಡ್ ಬೆಂಗಳೂರು

ಎಲೆಕ್ಟ್ರಿಕ್ ಬಸ್ಸು ತಗೊಂಡರೆ ಎಲ್ಲ ಮುಗಿಯಿತಲ್ಲ? ಕೆಎಸ್‌ಆರ್‌ಟಿಸಿ ಮೈಸೂರು, ಮಡಿಕೇರಿಗೆ ಓಡಿಸುತ್ತಿದೆ. ತಿರುಮಲ ಘಾಟಿಯಲ್ಲೂ ಓಡುತ್ತಿವೆ.

ಲೆಕ್ಕಾಚಾರಿ

ಎಲ್ಲ ಮುಗಿಯಲ್ಲ. ದೊಡ್ಡ ಎಲೆಕ್ಟ್ರಿಕ್ ಬಸ್ಸಿಗೆ ಕಿಮೀಗೆ ಒಂದು ಯೂನಿಟ್ ಮೇಲೆ ಕರೆಂಟ್ ಬೇಕು. ದೇಶದ ಸರಾಸರಿ ಕರೆಂಟ್ ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕಲ್ಲಿದ್ದಲು ಜಾಸ್ತಿ ಇರೋದರಿಂದ. ನಮ್ಮ ಡೀಸೆಲ್ ಬಸ್ಸು ಹೈವೇಯಲ್ಲಿ ಕಿಮೀಗೆ 0.6 ಕೆಜಿ ಬಿಡುತ್ತದೆ. ಕಾಗದದ ಮೇಲೆ ಹೈವೇಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸಿಟಿಯಲ್ಲಿ ಬೇರೆ. ನಿಂತು ನಿಂತು ಹೋಗುವಲ್ಲಿ ಡೀಸೆಲ್ ಮೈಲೇಜು ಬೀಳುತ್ತದೆ, ಎಲೆಕ್ಟ್ರಿಕ್ ಗೆಲ್ಲುತ್ತದೆ, ಹೊಗೆಯೂ ಇಲ್ಲ.

ಕರ್ನಾಟಕದ ಕರೆಂಟಿನಲ್ಲಿ ಸೂರ್ಯ, ಗಾಳಿ, ನೀರಿನ ಪಾಲು ದೊಡ್ಡದು. ತುಮಕೂರಿನವರಿಗೆ ಹೇಳಬೇಕಿಲ್ಲ, ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್. ಹಗಲು ಹೊತ್ತು ಚಾರ್ಜ್ ಮಾಡಿದರೆ ಲೆಕ್ಕ ಎಲೆಕ್ಟ್ರಿಕ್ ಕಡೆ ವಾಲುತ್ತದೆ. ವರ್ಷ ಕಳೆದಂತೆ ಇನ್ನೂ ವಾಲುತ್ತದೆ.

ಟಿಟಿ ಮಾಲೀಕ, ಚಿಂತಾಮಣಿ

ಲೆಕ್ಕ ಬಿಡಿ ಸರ್, ಸಾಲ ಯಾರು ಕೊಡುತ್ತಾರೆ? ಒಂದು ಎಲೆಕ್ಟ್ರಿಕ್ ಬಸ್ಸಿಗೆ ಕೋಟಿ ಮೇಲೆ. ಘಾಟಿಯಲ್ಲಿ ಚಾರ್ಜ್ ಮುಗಿದರೆ 50 ಜನರನ್ನು ಇಟ್ಟುಕೊಂಡು ನಾನೇನು ಮಾಡಲಿ? ಇನ್ನೋವಾ ಬದಲಿಸುವಾಗ ಏರ್‌ಪೋರ್ಟ್ ಟ್ರಿಪ್ಪಿಗೆ ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆ ಇದೆ. ಹತ್ತಿರದ ದಾರಿ, ದಿನಾ ಅದೇ ರಸ್ತೆ, ರಾತ್ರಿ ಗಾಡಿ ಮನೆಗೆ ಬರುತ್ತದೆ. ಅಷ್ಟಕ್ಕೆ ಧೈರ್ಯ ಇದೆ.

ಅನಾಮಿಕ, ತುಮಕೂರು

ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರೆಲ್ಲ ಸರಕಾರಿ ಬಸ್ಸಲ್ಲೇ ಧರ್ಮಸ್ಥಳಕ್ಕೆ ಹೋಗುತ್ತಾರೆ. ಪರಿಸರಕ್ಕೆ ಅದೇ ಒಳ್ಳೇದು. ಟ್ರಾವೆಲ್ಸ್ ಮುಚ್ಚಿಬಿಡಿ, ಫಾರಂ ತುಂಬೋ ಕೆಲಸವೂ ಇರಲ್ಲ.

ಕೆಂಪು ಸೀರೆ, ಶ್ರೀನಿವಾಸಪುರ

ಮಂಡಿನೋವಿನ ಅತ್ತೆಯನ್ನು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಕರೆದುಕೊಂಡು ಹೋಗಿ, ಆಮೇಲೆ ಮಾತಾಡಿ. ಮೇಲ್ಮರುವತ್ತೂರಿಗೆ ಶಕ್ತಿ ಟಿಕೆಟ್ ನಡೆಯಲ್ಲ. ಎರಡೂ ಬೇಕು.

ಟಿಟಿ ಮಾಲೀಕ, ಚಿಂತಾಮಣಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಫಾರಂ ತುಂಬಿದೆ. ಬರೆದದ್ದು ಇಷ್ಟು. ರಾತ್ರಿ ತಂಗುವ ಪ್ರತಿ ಟ್ರಿಪ್ಪಿನಲ್ಲೂ ಡ್ರೈವರ್, ಕ್ಲೀನರ್‌ಗೆ ಹಾಸಿಗೆ ನಾವೇ ಬುಕ್ ಮಾಡುತ್ತೇವೆ, ಅದರ ದುಡ್ಡು ಬಾಟಾದಲ್ಲಿ ಸೇರಲ್ಲ. ಗಾಡಿ ನಿಂತರೆ ಐದು ನಿಮಿಷಕ್ಕೆ ಇಂಜಿನ್ ಆಫ್, ಇದು ಬುಕಿಂಗ್ ಚೀಟಿಯಲ್ಲಿ ಅಚ್ಚಾಗುತ್ತದೆ. ನೀರಿನ ಕ್ಯಾನ್ ಸ್ಟ್ಯಾಂಡ್ ಎರಡೂ ಬಸ್ಸಿಗೆ. ಟಿಟಿಗೆ ಜಾಗ ಸಾಲಲ್ಲ, ಅಲ್ಲಿ ಇನ್ನೂ ಏನು ಮಾಡೋದು ಗೊತ್ತಾಗಿಲ್ಲ. ನಂದಿ ಟ್ರಿಪ್ ಆದರೆ ರೈಲಿನಲ್ಲಿ ಬಂದು ನಂದಿ ಹಾಲ್ಟ್‌ನಿಂದ ನಮ್ಮ ಗಾಡಿ ಹತ್ತುವ ಒಂದು ಪ್ಯಾಕೇಜ್, ದಿನದ ಬಾಡಿಗೆ ಮೇಲೆ. ರೆಸಾರ್ಟ್‌ಗೆ ನೀರಿನ ಎರಡು ಪ್ರಶ್ನೆ.

ಗಿಡದ ಸಾಲು ಬರೆಯಲಿಲ್ಲ. ತಮ್ಮನಿಗೆ ಬೇಜಾರು. ಕಾಂಟ್ರಾಕ್ಟ್ ಸಿಗುತ್ತದೋ ಇಲ್ಲವೋ, ಡೀಸೆಲ್ ಬಿಲ್ ಇಳಿಯುತ್ತದೆ ಅನ್ನೋದು ಖಾತ್ರಿ.

ಲೈನ್ ಡ್ರೈವರ್

ಹಾಸಿಗೆ ಬುಕ್ ಮಾಡುವಾಗ ಪಾರ್ಕಿಂಗ್‌ಗೆ ಹತ್ತಿರ ಇರೋದನ್ನೇ ನೋಡಿ ಅಣ್ಣ. ಎರಡು ಕಿಲೋಮೀಟರ್ ಆಚೆ ಕೊಟ್ಟರೆ ಗಾಡಿಗೆ ಕಾವಲು ಯಾರು? ಆಗ ಮತ್ತೆ ಗಾಡಿಯಲ್ಲೇ ಮಲಗಬೇಕಾಗುತ್ತದೆ.

ಗೌರಿಬಿದನೂರು ಮೇಷ್ಟ್ರು

ಮಾಲೀಕರೇ, ವಿದುರಾಶ್ವತ್ಥ-ಗುಡಿಬಂಡೆ ಒಂದು ದಿನದ ಚಾರ್ಟ್‌ಗೆ ರೇಟು ಹಾಕಿಕೊಡಿ. 48 ಮಕ್ಕಳು, ನಾಲ್ಕು ಜನ ಶಿಕ್ಷಕರು. ದಿನದ ಬಾಡಿಗೆ ಬೇರೆ, ಡೀಸೆಲ್ ಬೇರೆ ಬರೆಯಿರಿ. ಪೋಷಕರ ಸಭೆ ಇದೇ ತಿಂಗಳ ಕೊನೇ ಶನಿವಾರ.